ದಾವಲಸಾಬನ ಇಪ್ಪತ್ತೊಂದು ಜಂತಿ

ಜೂನ್ ಎರಡು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹಾಜರಿದ್ದವರು ನಾನು, ನನ್ನ ಹೆಂಡತಿ ನೀಲಮ್ಮ, ಮುಳಗುಂದದ ಗೌಂಡಿ ದಾವಲಸಾಬ ಮತ್ತು ಅವನು ಕರೆತಂದ ಟ್ರ್ಯಾಕ್ಟರಿನ ಡ್ರೈವರ್. ಆರಕ್ಕೆ ಬಾ ಎಂದು ಹೇಳಿಕಳಿಸಿದ್ದೆ. ಹತ್ತು ನಿಮಿಷ ತಡ. ಮೊದಲಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದೆ. ಇವತ್ತು ಕೇಳಲಿಲ್ಲ.

ರಸ್ತೆ ಅಗಲ ಮಾಡುವವರು ಹೋದ ತಿಂಗಳು ಬಂದು ನಮ್ಮ ಪಡಸಾಲೆಯ ನಡುವೆ ಕೆಂಪು ಗೆರೆ ಎಳೆದು ಹೋದರು. ಮಳೆ ಹಿಡಿಯುವ ಮೊದಲು ಮನೆ ಇಳಿಸಬೇಕು. ಗದಗದಿಂದ ಮುಳಗುಂದಕ್ಕೆ ಹೋಗುವ ರಸ್ತೆಯಲ್ಲಿ ಮಣ್ಣಿನ ಮಾಳಿಗೆ, ಎಂದರೆ ಮಣ್ಣು ಹಾಸಿದ ಮಟ್ಟಸ ಚಾವಣಿ ಇರುವ ಮನೆ ಇದೊಂದೇ. ಕಟ್ಟಿದವನೇ ಬಿಚ್ಚಲಿ ಎಂದು ದಾವಲಸಾಬನಿಗೆ ಹೇಳಿಕಳಿಸಿದೆ. ಬರುತ್ತಾನೆಂಬ ನಂಬಿಕೆ ಇರಲಿಲ್ಲ. ಬಂದ. ಗಡ್ಡ ಬೆಳ್ಳಗಾಗಿತ್ತು, ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನೀಲಮ್ಮ ಕೊಟ್ಟ ಚಹಾವನ್ನು ನಿಂತೇ ಕುಡಿದು ನಿಚ್ಚಣಿಕೆ ಏರಿದ. ಮೇಲಿನ ಮೊದಲ ಬುಟ್ಟಿ ಮಣ್ಣು ತೆಗೆದ. ಮಾಳಿಗೆಗೆ ಹಾಕುವ ಆ ಸವಳು ಮಣ್ಣಿನ ಕೆಳಗೆ ಬೇವಿನ ಸೊಪ್ಪು ಒಣಗಿ ಪುಡಿಯಾಗಿತ್ತು. ಮಣ್ಣು, ಬೇವು ಎರಡರ ಒಗರು ವಾಸನೆ ಅಂಗಳಕ್ಕೆ ಇಳಿಯಿತು. ನಾನು ಮರೆತಿದ್ದೇನೆಂದು ಹೇಳಿಕೊಂಡು ತಿರುಗಿದ ವರ್ಷ ಆ ವಾಸನೆಯ ಹಿಂದೆಯೇ ಬಂತು.

ನಾನು ಡ್ರಿಲ್ ಮಾಸ್ತರ. ಗದಗ ಹೊಸ ಜಿಲ್ಲೆಯಾದಾಗ ಶಿರಹಟ್ಟಿ ಕಡೆಯ ಒಂದು ವಸತಿ ಶಾಲೆಯಲ್ಲಿದ್ದೆ, ಹಾಸ್ಟೆಲಿನ ವಾರ್ಡನ್ ಕೂಡ ನಾನೇ. ಐದಕ್ಕೆ ಗಂಟೆ, ಐದೂಕಾಲಿಗೆ ಮೈದಾನ, ಆರಕ್ಕೆ ಸ್ನಾನ. ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ತಪ್ಪು ಮಾಡಿದ ಹುಡುಗನಿಗೆ ನಾನು ಹೊಡೆಯುತ್ತಿರಲಿಲ್ಲ. ಮರುದಿನ ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಂತು, ‘ತಪ್ಪು ನನ್ನದು’ ಎಂದು ದೊಡ್ಡ ದನಿಯಲ್ಲಿ ಹೇಳಬೇಕು, ಅಷ್ಟೇ. ಹೊಡೆತಕ್ಕಿಂತ ಅದಕ್ಕೇ ಹುಡುಗರು ಹೆದರುತ್ತಿದ್ದರು. ಮಾಸ್ತರ ಸುಳ್ಳು ಹೇಳುವುದಿಲ್ಲ ಎಂಬ ಹೆಸರು ನನಗೆ ಬಂದದ್ದು ಆ ಮೈದಾನದಲ್ಲಿ.

ನಿವೃತ್ತನಾದ ಮೇಲೆ ನೀಲಮ್ಮನ ತವರಿನವರ ಹಳೆಯ ಕಣದ ಜಾಗ ನಮಗೆ ಬಂತು. ಅದರ ಮೂಲೆಯಲ್ಲಿ ಹಗೇವಿತ್ತು. ಜೋಳ ತುಂಬಿಡಲು ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕೋಣೆ. ಅದನ್ನು ಮುಚ್ಚಿ ಸಿಮೆಂಟಿನ ಮನೆ ಕಟ್ಟುವುದೆಂದೇ ನಾನಿದ್ದೆ. ತಡೆದವಳು ವಿದ್ಯಾ. ಬೆಟಗೇರಿಯ ನೇಕಾರರ ಮನೆಯ ಮಗಳು, ಮನೆಗಳ ನಕಾಶೆ ಹಾಕುವುದನ್ನು ಕಲಿತು ಆಗತಾನೇ ಊರಿಗೆ ಬಂದಿದ್ದಳು. ಒಂದು ದಿನ ಬಿರುಬಿಸಿಲಲ್ಲಿ ನನ್ನನ್ನು ಡಂಬಳದ ಆಚೆ ಕಪ್ಪತಗುಡ್ಡದ ಬುಡಕ್ಕೆ ಕರೆದೊಯ್ದು ಒಂದು ಹುತ್ತದ ಮುಂದೆ ನಿಲ್ಲಿಸಿದಳು.

"ಬಾಯಿಗೆ ಕೈ ಇಡ್ರಿ ಸರ."

"ಹಾವಿದ್ದರ?"

"ಇದ್ದರ ಅದೂ ತಂಪಿಗೇ ಬಂದಿರತೈತಿ ಬಿಡ್ರಿ."

ಇಟ್ಟೆ. ಸುತ್ತಲಿನ ಕಲ್ಲು ಕಾದಿದ್ದವು. ಹುತ್ತದ ಬಾಯಿಂದ ಮಾತ್ರ ಮಕ್ಕಳ ಉಸಿರಿನಂತೆ ಮೆಲ್ಲನೆ ತಂಪು ಗಾಳಿ ಬರುತ್ತಿತ್ತು. ಒಳಗೆ ಬಿಸಿಯಾದದ್ದು ಮೇಲೆ ಹೋಗುತ್ತದೆ, ಕೆಳಗಿನ ತಂಪು ಒಳಗೆ ಬರುತ್ತದೆ, ಹುಳುಗಳು ದಾರಿ ಮುಚ್ಚುತ್ತ ತೆಗೆಯುತ್ತ ಇರುತ್ತವೆ ಎಂದು ಅವಳು ವಿವರಿಸಿದಳು. ನಮ್ಮ ಮನೆಯೂ ಹಾಗೇ ಆಯಿತು. ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಹಗೇವಿನಿಂದ ಪಡಸಾಲೆಯ ನೆಲಕ್ಕೆ ಒಂದು ಸುರಂಗ. ನಡುಮನೆಯ ಬೆಳಕಿಂಡಿಯನ್ನು ಹುತ್ತದ ಹಾಗೆ ಆಳೆತ್ತರ ಮೇಲಕ್ಕೆ ಎಬ್ಬಿಸಿ ಅದಕ್ಕೊಂದು ಕದ, ಸುರಂಗದ ಬಾಯಿಗೊಂದು ಕದ. ಗೋಡೆಯ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಒಳಗೆ ಹೊರಗೆ ಎಷ್ಟು ಸೆಕೆ, ಎಷ್ಟು ತೇವ ಎಂದು ನೋಡಿಕೊಂಡು ಅದೇ ಕದ ತೆಗೆಯುತ್ತದೆ, ಅದೇ ಹಾಕುತ್ತದೆ. ಮಳೆ ಹನಿ ಬಿದ್ದರೆ ಮೇಲಿನದನ್ನು ಮುಚ್ಚುತ್ತದೆ, ನಿಂತರೆ ತೆಗೆಯುತ್ತದೆ. ಬಿಸಿಲಿನಿಂದ ಅದಕ್ಕೆ ಬೇಕಾದ ಕರೆಂಟು.

ಮಣ್ಣಿನ ಮಾಳಿಗೆ ಬಲ್ಲ ಗೌಂಡಿ ಸುತ್ತಲಿನ ಹತ್ತೂರಲ್ಲಿ ಒಬ್ಬನೇ ಉಳಿದಿದ್ದ. ದಾವಲಸಾಬ. ಅವನೂ ಹದಿನೈದು ವರ್ಷದಿಂದ ಗೋವಾಕ್ಕೆ ಹೋಗಿ ಸಿಮೆಂಟಿನ ಸ್ಲ್ಯಾಬು ಹಾಕುತ್ತಿದ್ದ. ವಿದ್ಯಾ ಫೋನು ಮಾಡಿದಾಗ ಆರೇ ದಿನಕ್ಕೆ ಊರಿಗೆ ಬಂದ. ಯಂತ್ರವನ್ನು ತಿರುವಿ ನೋಡಿ ನಕ್ಕ.

"ಮೇಡಂ, ಈ ಡಬ್ಬಿ ಮಾಡೂ ಕೆಲಸಾ ನಮ್ಮವ್ವ ಹಗ್ಗಾ ಜಗ್ಗಿ ಮಾಡತಿದ್ಲರಿ."

"ದಿನಕ್ಕ ಎಷ್ಟ ಸಲ ಜಗ್ಗತಿದ್ರು, ಸಾಬ್ರ?"

"ಸೆಕಿ ಆದಾಗ, ಮಳಿ ಬಂದಾಗ, ಹೊಗಿ ತುಂಬಿದಾಗ. ಅದಕ್ಕ ಲೆಕ್ಕಾ ಎಲ್ಲಿದ್ರಿ?"

"ಡಬ್ಬೀನೂ ಹಂಗರೀ. ಆದರ ಲೆಕ್ಕಾ ಬರದಿಡತೈತಿ."

ಜಂತಿಗಳದ್ದು ಬೇರೆ ಕಥೆ. ಮಾಳಿಗೆಯ ಭಾರ ಹೊರುವ ಅಡ್ಡತೊಲೆ ಒಳ್ಳೆಯದು ಎಲ್ಲೂ ಸಿಗಲಿಲ್ಲ. ದಾವಲಸಾಬನ ತಂದೆಯ ಮನೆಯನ್ನು ಅಣ್ಣತಮ್ಮಂದಿರು ಪಾಲಾದಾಗ ಕೆಡವಿದ್ದರು. ಅವನ ಪಾಲಿಗೆ ಇಪ್ಪತ್ತೊಂದು ಕರಿಜಾಲಿಯ ಜಂತಿ ಬಂದಿದ್ದವು. ಕಲ್ಲಿನ ಮೇಲೆ ಜೋಡಿಸಿ ತಾಡಪತ್ರಿ ಹೊದಿಸಿ ಇಟ್ಟಿದ್ದ. ಕಟ್ಟಿಗೆ ಅಡ್ಡೆಯವರು ಕೇಳಿದರೂ ಕೊಟ್ಟಿರಲಿಲ್ಲ. ಒಂದು ಮುಂಜಾನೆ ಅವನ್ನು ಗಾಡಿಯಲ್ಲಿ ಹೇರಿಕೊಂಡು ಬಂದ.

"ಗುರುಗಳ, ನಲವತ್ತ ವರ್ಷ ನಮ್ಮಪ್ಪನ ಮನಿ ಹೊತ್ತಾವ. ನಿಮ್ಮದೂ ಹೊರಲಿ. ರೊಕ್ಕಾ ಬ್ಯಾಡ. ಒಂದ ಮಾತ ಕೊಡ್ರಿ. ಎಂದರ ಮನಿ ಬಿಚ್ಚಿದರ ಇವನ್ನ ಹೊಳ್ಳಿ ನನಗ ಕೊಡಬೇಕು."

ಕೊಟ್ಟೆ. ಅವನು ಒಂದೊಂದನ್ನೂ ಉಳಿಯ ಹಿಂಬದಿಯಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಮೇಲೇರಿಸಿದ.

ಅವನಿಗೆ ಅಷ್ಟು ಹುರುಪು ಯಾಕೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಸಾಲಿನಲ್ಲೇ ಏಳು ಮಂದಿ ಮಾಸ್ತರರ ಖಾಲಿ ಜಾಗ ಇದ್ದವು. ನನ್ನ ಮನೆ ಒಂದು ಮಳೆಗಾಲ ದಾಟಲಿ, ಆಮೇಲೆ ನಾವೂ ಇಂಥದ್ದೇ ಕಟ್ಟಿಸುತ್ತೇವೆ ಎಂದು ಏಳೂ ಮಂದಿ ಹೇಳಿದ್ದರು. ಏಳು ಮನೆ ಎಂದರೆ ನಾಲ್ಕು ವರ್ಷದ ಕೆಲಸ. ಗೋವಾ ಬಿಟ್ಟು ಊರಲ್ಲೇ ಇರಬಹುದು, ಗೊತ್ತಿದ್ದ ಕೆಲಸವನ್ನು ನಾಲ್ಕು ಜನಕ್ಕೆ ಕಲಿಸಬಹುದು. ಗೃಹಪ್ರವೇಶದ ದಿನ ಪದ್ಧತಿಯಂತೆ ಗೌಂಡಿಯ ತಲೆಗೆ ರುಮಾಲು ಸುತ್ತಿದೆ. ಏಳೂ ಮಂದಿ ಚಪ್ಪಾಳೆ ತಟ್ಟಿದರು. ಅವರಲ್ಲಿ ಹಿರಿಯನಾದ ಹೊಸಮನಿ ಮಾಸ್ತರ ಮಾಳಿಗೆಯ ಕಡೆ ಕೈ ತೋರಿಸಿ, "ಸಾಬ, ಮುಂದಿನ ರುಮಾಲು ನಂದು," ಎಂದರು. ದಾವಲಸಾಬ ರುಮಾಲು ಬಿಚ್ಚದೆ ಮುಳಗುಂದದವರೆಗೂ ಸೈಕಲ್ ತುಳಿದುಕೊಂಡು ಹೋದ.

ರೋಹಿಣಿ ಮಳೆ ಬಿತ್ತು, ಮಿರಗ ಬಿತ್ತು. ಮಾಳಿಗೆ ಒಂದು ಹನಿ ಸೋರಲಿಲ್ಲ. ಮನೆ ತಂಪಾಗಿತ್ತು. ಆದರೆ ನನಗೆ ಸಮಾಧಾನ ಇರಲಿಲ್ಲ. ಕದಗಳು ಯಾರ ಮಾತೂ ಕೇಳುತ್ತಿರಲಿಲ್ಲ. ನಾನು ಊಟಕ್ಕೆ ಕೂತಾಗ ಕುಂಯ್ ಎಂದು ತೆರೆದುಕೊಳ್ಳುತ್ತಿದ್ದವು, ಪೇಪರ್ ಓದುವಾಗ ಮುಚ್ಚಿಕೊಳ್ಳುತ್ತಿದ್ದವು. ಒಂದು ದಿನ ಹನ್ನೊಂದು ಸಲ, ಇನ್ನೊಂದು ದಿನ ಎರಡೇ ಸಲ. ಮುನ್ನೂರು ಹುಡುಗರನ್ನು ಒಂದೇ ಗಂಟೆಗೆ ಎಬ್ಬಿಸಿದ ಮನುಷ್ಯನ ಮನೆಯಲ್ಲಿ ಎರಡು ಹಲಗೆಗಳಿಗೆ ವೇಳೆ ಇರಲಿಲ್ಲ. ಯಂತ್ರದಲ್ಲಿ ಗಡಿಯಾರದ ಒಂದು ಗುಂಡಿ ಇತ್ತು. "ಅದು ರಿಪೇರಿ ವೇಳ್ಯಾಕಷ್ಟ, ಸರ," ಎಂದಿದ್ದಳು ವಿದ್ಯಾ. ಆರಿದ್ರಾ ಮಳೆಯಲ್ಲಿ ಒಂದು ದಿನ ನಾನು ಆ ಗುಂಡಿ ಒತ್ತಿದೆ. ಬೆಳಿಗ್ಗೆ ಆರಕ್ಕೆ ತೆಗೆ, ಸಂಜೆ ಆರೂವರೆಗೆ ಹಾಕು. ಮಳೆ ಹನಿ ಬಿದ್ದಾಗ ಮುಚ್ಚುವುದನ್ನು ಮಾತ್ರ ಅದಕ್ಕೇ ಬಿಟ್ಟೆ. ಮನೆ ಶಿಸ್ತಿಗೆ ಬಂತು ಎಂದುಕೊಂಡೆ.

ಹಗಲೆಲ್ಲ ಹಗೇವಿನ ತೇವದ ಗಾಳಿ ಒಳಗೆ ಬರುತ್ತಿತ್ತು. ರಾತ್ರಿ ಅದು ಹೋಗಲು ದಾರಿ ಇರಲಿಲ್ಲ. ಇದನ್ನು ನಾನು ಲೆಕ್ಕ ಹಾಕಲಿಲ್ಲ, ನೀಲಮ್ಮ ಕೈಯಿಂದ ಮುಟ್ಟಿ ತಿಳಿದಳು.

"ಹಪ್ಪಳ ಮೆತ್ತಗಾಗ್ಯಾವ. ಉಪ್ಪು ನೀರೊಡದೈತಿ. ಮನಿ ಬೆವರಾಕತ್ತೈತಿ ನೋಡ್ರಿ."

"ಮಳಿಗಾಲ ಅಂದ ಮ್ಯಾಲ ಅಷ್ಟ ಇರೂದ."

"ಹಾಸ್ಟೇಲ್ ಮಾಡಿಟ್ಟೀರಿ ಮನಿನ್ನ. ಇನ್ನ ಒಲಿಗೂ ಸೀಟಿ ಊದ್ರಿ, ಆರಕ್ಕ ಹತ್ತು ಅಂತ."

ಶ್ರಾವಣದಲ್ಲಿ ಪಂಚಮಿ ಹತ್ತಿರ ಬಂದಾಗ, ಈ ಸಲ ಹುತ್ತ ಹುಡುಕಿಕೊಂಡು ಹೋಗುವುದು ಬೇಡ, ನಮ್ಮ ಮನೆಗೇ ಹಾಲೆರೆದರಾಯಿತು ಎಂದು ಅವಳು ನಗೆಯಾಡಿದಳು. ಅದೇ ವಾರ ದಾವಲಸಾಬ ಬಂದ. ತಿಂಗಳಿಗೊಮ್ಮೆ ಬಂದು ಮಾಳಿಗೆ ನೋಡಿ ಹೋಗುತ್ತಿದ್ದ. ಸಂಜೆ ಆರೂವರೆಗೆ ಕದಗಳು ಮುಚ್ಚಿಕೊಂಡದ್ದನ್ನು ನೋಡಿ ಹೊರಗೆ ಹೋಗಿ ಆಕಾಶ ನೋಡಿ ಬಂದ. ಮಳೆ ಇರಲಿಲ್ಲ.

"ಯಾಕ್ರಿ ಗುರುಗಳ, ಈಗ ಮುಚ್ಚಿತಲ್ಲ?"

"ಅದರ ವ್ಯಾಳೆ ಅದು."

"ಹುತ್ತಿನ ಬಾಯಿ ಯಾರರ ವ್ಯಾಳೆ ನೋಡಿ ಮುಚ್ಚತಾರೇನ್ರಿ?"

"ದಾವಲಸಾಬ, ಕಟ್ಟೂದು ನಿನ್ನ ಕೆಲಸ. ನಡಸೂದು ನಂದು."

ಅವನು ಸ್ಟೂಲು ಹತ್ತಿದ. ಸುರಂಗದ ಬಾಯಿಯ ಮೇಲಿನ ಜಂತಿಯನ್ನು ಅಂಗೈಯಿಂದ ಒತ್ತಿ ನೋಡಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೋದ.

ಉತ್ತರಿ ಮಳೆ ನಮ್ಮ ಕಡೆ ಒಂದೇ ಸಮನೆ ಹಿಡಿಯುತ್ತದೆ. ಆ ವರ್ಷವೂ ಹಿಡಿಯಿತು. ಮಳೆ ಬಿಟ್ಟ ಮುಂಜಾನೆ ಪಡಸಾಲೆಯಲ್ಲಿ ಒಂದು ಬುಟ್ಟಿಯಷ್ಟು ಮಣ್ಣು ಕೆಳಗೆ ಬಿದ್ದಿತ್ತು. ಸುರಂಗದ ಬಾಯಿಯ ಮೇಲಿನ ಒಂದು ಜಂತಿ ನಾಲ್ಕು ಬೆರಳು ಇಳಿದಿತ್ತು. ಅದಕ್ಕೂ ಅದರ ಎಡಬಲದ ಎರಡಕ್ಕೂ ಗೋಡೆಯೊಳಗಿನ ತುದಿಯಿಂದ ಗೆದ್ದಲಿನ ಮಣ್ಣಿನ ಗೆರೆ ಹಬ್ಬಿತ್ತು. ಹುತ್ತದ ಹಾಗೆ ಕಟ್ಟಿದ ಮನೆಗೆ ಹುತ್ತದ ಹುಳುವೇ ಹತ್ತಿತ್ತು.

ಸುದ್ದಿ ಊಟದ ಹೊತ್ತಿಗೆ ಸಾಲಿನ ತುಂಬ ಹರಡಿತು. ಸಂಜೆ ಐದಕ್ಕೆ ಏಳೂ ಮಂದಿ ಬಂದರು. ನಾನು ಕರೆಸಿದ್ದ ದಾವಲಸಾಬ ಸ್ಟೂಲಿನ ಮೇಲೆ ನಿಂತು ಜಂತಿಯ ತುದಿ ಕೆರೆದು ನೋಡುತ್ತಿದ್ದ. ಹೊಸಮನಿ ಮಾಸ್ತರ ನನ್ನನ್ನು ಕೇಳಿದರು.

"ಯಾಕ ಹಿಂಗಾತ್ರಿ? ಮಣ್ಣಿನ ಮನೀನ ಹಿಂಗ ಏನ್ರಿ?"

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಯೋಚಿಸಿ ಆಡಿದ ಮಾತು ಎಂದೂ ಅಷ್ಟು ಬೇಗ ಬರುವುದಿಲ್ಲ.

"ಮಣ್ಣಿಂದಲ್ಲರಿ. ಹಳೇ ಮನಿ ಜಂತಿ. ಹುಳಾ ಹತ್ತಿದ್ದನ್ನ ತಂದು ನನ್ನ ಮನಿಗೆ ಹಾಕ್ಯಾನ."

ದಾವಲಸಾಬ ಸ್ಟೂಲಿನಿಂದ ಇಳಿದ. ಕೈಯೊಳಗಿನ ಪುಡಿಯನ್ನು ನೆಲಕ್ಕೆ ಚೆಲ್ಲದೆ ಬಾಗಿಲಾಚೆ ಹಾಕಿ ಬಂದ.

"ಗುರುಗಳ, ನಮ್ಮಪ್ಪನ ಮನ್ಯಾಗ ಹುಳಾ ಇರಲಿಲ್ರಿ. ಅಲ್ಲಿ ಗಾಳಿ ಆಡತಿತ್ತು."

ಅಷ್ಟೇ ಹೇಳಿದ. ಏಳು ಮಂದಿಯೆದುರು ಸುತ್ತಿದ ರುಮಾಲನ್ನು ಅದೇ ಏಳು ಮಂದಿಯೆದುರು ನಾನು ಇಳಿಸಿದ್ದೆ. ಅಂದೇ ಕತ್ತಲಾಗುವ ಮೊದಲು ಇಳಿದ ಜಂತಿಗೆ ಒಂದು ಕಂಬ ಆನಿಸಿ ಕೊಟ್ಟು ಹೋದ.

ಮೂರನೆಯ ದಿನ ವಿದ್ಯಾ ಬಂದಳು. ಯಂತ್ರಕ್ಕೆ ತನ್ನ ಲ್ಯಾಪ್‌ಟಾಪು ಜೋಡಿಸಿ ಅದು ಬರೆದಿಟ್ಟದ್ದನ್ನು ತೆರೆದಳು. ಸಾಲು ಸಾಲಾಗಿ ತಾರೀಕು, ವೇಳೆ, ತೆಗೆದದ್ದು, ಹಾಕಿದ್ದು. ಆರಿದ್ರಾ ಮಳೆಯವರೆಗೆ ಗೆರೆಗಳು ಅಡ್ಡಾದಿಡ್ಡಿ. ಅಲ್ಲಿಂದ ಮುಂದೆ, ಮಳೆಗೆ ಮುಚ್ಚಿದ್ದನ್ನು ಬಿಟ್ಟರೆ, ಆರು, ಆರೂವರೆ. ಆರು, ಆರೂವರೆ. ನನ್ನ ಹಾಜರಿ ಪುಸ್ತಕದಷ್ಟು ಚೊಕ್ಕ. ಪಕ್ಕದಲ್ಲಿ ತೇವದ ಲೆಕ್ಕ ದಿನದಿಂದ ದಿನಕ್ಕೆ ಏರುತ್ತ ಹೋಗಿತ್ತು.

"ಆವತ್ತಿಂದ ಒಂದ ರಾತ್ರೀನೂ ಬಾಯಿ ತಗದಿಲ್ಲ ಸರ ಇದು. ತ್ಯಾವ ಆ ಮೂಲ್ಯಾಗ ನಿಂತೈತಿ. ತ್ಯಾವ ಇದ್ದಲ್ಲೆ ಹುಳಾ ಬಂದಾವ. ಉಳಿದ ಹದಿನೆಂಟ ಜಂತಿ ನೋಡ್ರಿ, ಒಂದಕ್ಕೂ ಹತ್ತಿಲ್ಲ. ಸಾಬ್ರ ಕಟ್ಟಿಗ್ಯಾಗ ಏನೂ ತಪ್ಪಿಲ್ಲ."

ನಾನು ಗೆರೆಗಳನ್ನೇ ನೋಡುತ್ತಿದ್ದೆ.

"ಇದನ್ನ ಅವರೇಳೂ ಮಂದಿಗೆ ಹೇಳಬೇಕ ಸರ. ಆಯ್ತವಾರ ಕೂಡ್ತಾರಂತ."

"ನೋಡೂಣು. ಚಾ ಕುಡದ ಹೋಗು."

ಅವಳು ಚಹಾ ಕುಡಿಯದೆ ಹೋದಳು. ಅವಳ ಸ್ಕೂಟರಿನ ಸದ್ದು ದೂರವಾದ ಮೇಲೆ ನಾನು ಎದ್ದು ಗಡಿಯಾರದ ಗುಂಡಿಯನ್ನು ಆರಿಸಿದೆ. ಆ ಸಂಜೆ ಏಳೂಕಾಲಿಗೆ ಕದಗಳು ತಾವಾಗಿ ತೆರೆದುಕೊಂಡವು. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲು ಅವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ದಿನದಿಂದ ಇವತ್ತಿನವರೆಗೆ ಈ ಮನೆಗೆ ಮತ್ತೊಂದು ಹುಳು ಹತ್ತಿಲ್ಲ.

ಆಯ್ತವಾರ ಹತ್ತು ಗಂಟೆಗೆ ಹೊಸಮನಿ ಮಾಸ್ತರರ ಹಳೆಯ ಮನೆಯಲ್ಲಿ ಎಲ್ಲರೂ ಕೂಡಿದರು. ನಾನು ಹತ್ತಕ್ಕೆ ಐದು ನಿಮಿಷ ಮೊದಲೇ ಹೋಗಿ ಕುಳಿತೆ. ಮಣ್ಣಿನ ಮನೆಯನ್ನು ನಂಬಲಾಗದು, ಸ್ಲ್ಯಾಬೇ ಹಾಕಿಸೋಣ ಎಂದು ಒಬ್ಬರು ಅಂದರು. ಇನ್ನೊಬ್ಬರು ಒಳ್ಳೆಯ ಗೌಂಡಿ ಸಿಗದೆ ಇದೆಲ್ಲ ಆಗುವುದಿಲ್ಲ ಅಂದರು. ಹೊಸಮನಿ ಮಾಸ್ತರ ನನ್ನ ಕಡೆ ತಿರುಗಿ, "ನೀವೇನಂತೀರಿ?" ಎಂದರು. ಎರಡೇ ಶಬ್ದ ಸಾಕಿದ್ದವು. ಹನ್ನೊಂದು ವರ್ಷದ ಹುಡುಗರ ಬಾಯಿಂದ ಮೂವತ್ತು ವರ್ಷ ನಾನು ಹೇಳಿಸಿದ್ದ ಶಬ್ದಗಳೇ. "ನಿಮ್ಮ ನಿಮ್ಮ ವಿಚಾರ," ಎಂದೆ. ಅವಲಕ್ಕಿ ತಿಂದು ಮನೆಗೆ ಬಂದೆ.

ದೀಪಾವಳಿ ಕಳೆದ ಮೇಲೆ ದಾವಲಸಾಬ ಗೋವಾಕ್ಕೆ ಹೋದನೆಂದು ತಿಳಿಯಿತು. ಏಳು ಸ್ಲ್ಯಾಬಿನ ಮನೆಗಳು ಎದ್ದವು. ಬೇಸಗೆಯಲ್ಲಿ ಅವರ ಹೆಂಡಂದಿರು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದರು. ‘ಎಷ್ಟು ತಂಪೈತಿರೀ ನಿಮ್ಮ ಮನಿ’ ಎನ್ನುತ್ತಿದ್ದರು. ಆನಿಸಿದ ಕಂಬಕ್ಕೆ ಒರಗಿ ಕೂತೇ ಆ ಮಾತು ಹೇಳುತ್ತಿದ್ದರು. ವಿದ್ಯಾ ಮತ್ತೆ ಈ ಕಡೆ ಬರಲಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ ಇಪ್ಪತ್ತೊಂದೂ ಜಂತಿ ಅಂಗಳದಲ್ಲಿ ಸಾಲಾಗಿ ಮಲಗಿದ್ದವು. ದಾವಲಸಾಬ ಅಂದಿನಂತೆ ಉಳಿಯ ಹಿಂಬದಿಯಿಂದ ಒಂದೊಂದನ್ನೂ ಬಡಿಯುತ್ತ ಬಂದ. ಹದಿನೆಂಟು ಟಣ್ ಎಂದವು. ನಾನು ಅವನ ಹಿಂದೆ ನಿಂತಿದ್ದೆ.

"ದಾವಲಸಾಬ, ಅವತ್ತು ತಪ್ಪು ನಂದಿತ್ತು. ಕದಾ ನಾ ಮುಚ್ಚಿಸಿದ್ದೆ."

ಅವನು ತಿರುಗಲಿಲ್ಲ. "ಗೊತ್ತೈತ್ರಿ."

"ಯಾವಾಗಿಂದ?"

"ಮೇಡಂ ಅವತ್ತ ನಿಮ್ಮ ಮನಿ ಬಿಟ್ಟ ಕೂಡ್ಲೆ ಫೋನ್ ಹಚ್ಚಿದ್ರರಿ."

"ಮತ್ತ ಅವರೇಳೂ ಮಂದಿಗೆ ನೀ ಯಾಕ ಹೇಳಲಿಲ್ಲ?"

ಈಗ ತಿರುಗಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

"ಹೇಳಿದ್ನೆಲ್ರಿ. ನೀವೆಲ್ಲಾ ಕೂಡಿದ ಮರುದಿನ ಹೊಸಮನಿ ಮಾಸ್ತರ ಕಡೆ ಹೋಗಿದ್ದೆ. ಅವರಂದ್ರು, 'ಸಾಬ, ಹಂಗಿದ್ದರ ನಿನ್ನೆ ಅವರ ಹೇಳತಿದ್ರು. ಅವರು ಸುಳ್ಳ ಹೇಳೂ ಮನಷ್ಯಾ ಅಲ್ಲ.' ನಾ ಏನ ಅನ್ನಲಿ? ಅವರಿಗೆ ಅದ ಖರೇ ಅನಸ್ತು. ನಿಮ್ಮ ಹೆಸರ ಹಂಗಿತ್ತರಿ."

ಡ್ರೈವರ್ ಮತ್ತು ಅವನು ಕೂಡಿ ಹದಿನೆಂಟು ಜಂತಿ ಹೇರಿದರು. ಉಳಿದ ಮೂರು ಅಂಗಳದಲ್ಲೇ ಇದ್ದವು.

"ಅವೂ ನಿನ್ನವ," ಎಂದೆ. "ಮಾತ ಕೊಟ್ಟೀನಿ."

"ಹದಿನೆಂಟ ನಮ್ಮಪ್ಪನವು. ಈ ಮೂರು ನಿಮ್ಮವು, ಇರಲಿ ಬಿಡ್ರಿ." ಹಗ್ಗ ಬಿಗಿದು, "ಅವ್ವಾರ, ಬರ್ತೇನ್ರಿ," ಎಂದು ನೀಲಮ್ಮನಿಗೆ ಹೇಳಿ ಟ್ರ್ಯಾಕ್ಟರ್ ಹತ್ತಿದ. ಹದಿನೆಂಟು ಜಂತಿ ಎಲ್ಲಿಗೆ, ಯಾವ ಮನೆಗೆ ಎಂಬುದು ನನಗೆ ತಿಳಿಯಲಿಲ್ಲ.

ಐದಕ್ಕೆ ಅಂಗಿ ಬದಲಿಸಿ ಹೊಸಮನಿ ಮಾಸ್ತರರ ಮನೆಗೆ ನಡೆದೆ. ನಮ್ಮಿಂದ ಮೂರನೆಯ ಮನೆ. ಕಿಟಕಿಗಳೆಲ್ಲ ಮುಚ್ಚಿದ್ದವು, ಏಸಿ ಗುಂಯ್ ಎನ್ನುತ್ತಿತ್ತು. ಏಳು ಮಂದಿಯಲ್ಲಿ ಈಗ ಮೂವರು ಉಳಿದಿದ್ದಾರೆ, ಹಿರಿಯರು ಇವರೇ. ಕೂಡಲಿಲ್ಲ. ಹುಡುಗರನ್ನು ನಿಲ್ಲಿಸುತ್ತಿದ್ದ ಹಾಗೆ ನೆಟ್ಟಗೆ ನಿಂತೇ ಹೇಳಿದೆ. ಜಂತಿಯಲ್ಲಿ ಹುಳು ಇರಲಿಲ್ಲ, ಕದ ಮುಚ್ಚಿಸಿದ್ದು ನಾನು, ಗೊತ್ತಾದ ಮೇಲೂ ಹೇಳಲಿಲ್ಲ, ತಪ್ಪು ನನ್ನದು. ಅವರು ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ ಪೂರ್ತಿ ಕೇಳಿದರು. ಆಮೇಲೆ ಹಣೆ ಗಂಟಿಕ್ಕಿ ಕೇಳಿದರು.

"ಯಾವ ದಾವಲಸಾಬರಿ?"

ಮನೆಗೆ ಬಂದಾಗ ನೀಲಮ್ಮ ಮೂರು ಜಂತಿಗಳನ್ನು ತೋರಿಸಿ, "ಒಲಿಗೆ ಒಡಸೂಣೇನ್ರಿ?" ಎಂದಳು. ಬೇಡವೆಂದೆ. ಆ ಮೂಲೆಯ ಗೋಡೆ ಇಳಿದು ಹಗೇವಿನ ಬಾಯಿ ತೆರೆದೇ ಇತ್ತು. ರಸ್ತೆಯ ಅಂಚು, ಯಾರಾದರೂ ಕಾಲು ಜಾರಿ ಬಿದ್ದಾರು. ಮೂರೂ ಜಂತಿಗಳನ್ನು ಒಂದೊಂದಾಗಿ ಎಳೆದು ತಂದು ಬಾಯಿಗೆ ಅಡ್ಡ ಹಾಕಿದೆ. ಮೊದಲು ಒಂದು ಕಾಲಿಟ್ಟು ನೋಡಿದೆ, ಆಮೇಲೆ ಎರಡೂ ಕಾಲಿಟ್ಟು ನಿಂತೆ. ತುದಿ ತಿಂದಿದ್ದ ಜಂತಿಗಳು ನನ್ನ ಭಾರಕ್ಕೆ ಅಲುಗಲಿಲ್ಲ. ಇಳಿದು, ಮೇಲೆ ಚಪ್ಪಡಿ ಕಲ್ಲು ಹೊಂದಿಸಿದೆ. ಆಗ ಗಂಟೆ ಆರೂವರೆ.